ನಿಶ್ಚಿತಾರ್ಥವಾದ ಮೇಲೆ ಮೊದಲ ಹೆಜ್ಜೆಗಳು

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮೀಣ ದಂಪತಿಗಳಿಗಾಗಿ ನೀಡಿದ ಉಪನ್ಯಾಸ)



ನೀವೆಲ್ಲರೂ ಈಗಾಗಲೇ ಗೃಹಸ್ಥರು. ಮದುವೆಯ ಸಿದ್ಧತೆಯ ಮಾತನ್ನು ಮದುವೆಯಾಗಲಿರುವ ಹುಡುಗ ಹುಡುಗಿಯರಿಗೆ ಹೇಳದೆ ನಮಗೇಕೆ ಹೇಳುತ್ತೀರಿ ಎಂದು ನೀವು ಕೇಳಬಹುದು. ನಮ್ಮ ಹಳ್ಳಿಗಳಲ್ಲಿ ಮದುವೆಯನ್ನು ಮಾಡಿಸುವವರು ನೀವು. ಮಗಳಿಗೋ ಮಗನಿಗೋ, ತಂಗಿಗೋ ಮೈದುನನಿಗೋ ಸಂಬಂಧ ನೋಡುವವರು, ವೀಳ್ಯ ಬದಲಾಯಿಸುವವರು, ಸಾಲ ತರುವವರು, ಆ ಸಾಲವನ್ನು ತೀರಿಸುವವರು ನೀವೇ. ಆದುದರಿಂದ ಈ ಮಾತು ನಿಮ್ಮೊಡನೆಯೇ ಆಗಬೇಕಾದದ್ದು.

ನಿಶ್ಚಿತಾರ್ಥ ಮುಗಿಯುತ್ತಿದ್ದಂತೆ ಸಾಮಾನ್ಯವಾಗಿ ಏನು ನಡೆಯುತ್ತದೆ? ಮರುದಿನವೇ ಒಬ್ಬರು ಕಲ್ಯಾಣಮಂಟಪ ವಿಚಾರಿಸಲು ಪೇಟೆಗೆ ಹೊರಡುತ್ತಾರೆ. ಇನ್ನೊಬ್ಬರು ಅಡುಗೆಯವರನ್ನು ಗೊತ್ತುಮಾಡಲು ಹೋಗುತ್ತಾರೆ. ಜವಳಿಯ ಮಾತು, ಒಡವೆಯ ಮಾತು, ದಿಬ್ಬಣದ ಬಸ್ಸಿನ ಮಾತು ಒಂದರ ಹಿಂದೆ ಒಂದು ಬರುತ್ತವೆ. ಮುಂಗಡ ಹಣ ಕೊಟ್ಟಾದ ಮೇಲೆ ಉಳಿದುದೆಲ್ಲವೂ ಆ ಮುಂಗಡಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಹುಡುಗಿಗೆ ರಕ್ತಹೀನತೆ ಇದೆಯೇ, ಅವಳ ಓದು ಮುಗಿದಿದೆಯೇ, ಮನೆಗೆ ಎಷ್ಟು ಸಾಲ ತಾಳುತ್ತದೆ ಎಂಬ ಪ್ರಶ್ನೆಗಳು ಕೊನೆಗೆ ಉಳಿಯುತ್ತವೆ, ಇಲ್ಲವೇ ಏಳುವುದೇ ಇಲ್ಲ.

ಈ ದಿನ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಈ ಕ್ರಮವನ್ನು ತಿರುವಿಹಾಕಿರಿ. ಮಂಟಪ, ಜವಳಿ, ಲಗ್ನಪತ್ರಿಕೆಗಳು ಕೊನೆಯಲ್ಲಿ ಬರಲಿ. ವಯಸ್ಸು, ಒಪ್ಪಿಗೆ, ಖರ್ಚಿನ ಮಿತಿ, ಆರೋಗ್ಯ ಇವು ಮೊದಲು ಬರಲಿ. ಮದುವೆ ಒಂದು ದಿನದ ಕಾರ್ಯ. ಸಂಸಾರ ನಲವತ್ತು ಐವತ್ತು ವರ್ಷಗಳ ಕಾರ್ಯ. ನಿಶ್ಚಿತಾರ್ಥಕ್ಕೂ ಮದುವೆಗೂ ನಡುವಿನ ತಿಂಗಳುಗಳು ಆ ಸಂಸಾರಕ್ಕೆ ಅಡಿಪಾಯ ಹಾಕುವ ಕಾಲ.

ಮೊದಲನೆಯ ಹೆಜ್ಜೆ: ಮನೆಯಲ್ಲಿ ಕುಳಿತು ಮಾತನಾಡುವುದು

ಹೊರಗೆ ಹೊರಡುವ ಮೊದಲು ಗಂಡಹೆಂಡಿರಿಬ್ಬರೂ ಒಂದು ಸಂಜೆ ಒಟ್ಟಿಗೆ ಕುಳಿತುಕೊಳ್ಳಿರಿ. ಖರ್ಚಿನ ವಿಷಯ ಗಂಡಸರದು, ಅಡುಗೆ ಮತ್ತು ಸೀರೆಯ ವಿಷಯ ಹೆಂಗಸರದು ಎಂಬ ವಿಂಗಡಣೆ ಇಲ್ಲಿ ಬೇಡ. ಮನೆಯ ಸಾಲದ ಭಾರ ಹೆಂಗಸಿನ ಮೇಲೂ ಬೀಳುತ್ತದೆ. ಮಗಳ ಮೈಯಲ್ಲಿ ಶಕ್ತಿಯಿದೆಯೇ ಇಲ್ಲವೇ ಎಂಬುದು ತಂದೆಗೂ ತಿಳಿದಿರಬೇಕಾದ ವಿಷಯ.

ಅನಂತರ ಮದುವೆಯಾಗುವವರನ್ನೇ ಕೇಳಿರಿ. ನಿಶ್ಚಿತಾರ್ಥದ ದಿನ ಹತ್ತು ಜನರ ಮುಂದೆ ತಲೆಯಾಡಿಸಿದ್ದನ್ನೇ ಒಪ್ಪಿಗೆಯೆಂದು ತಿಳಿಯಬಾರದು. ತಾಯಿಯಾದವಳು ಮಗಳೊಡನೆ, ತಂದೆಯಾದವನು ಮಗನೊಡನೆ ಏಕಾಂತದಲ್ಲಿ ಮಾತನಾಡಬೇಕು. ಇನ್ನೂ ಓದುವ ಆಸೆ ಇದೆಯೇ? ಮದುವೆಯ ಅನಂತರ ಎಲ್ಲಿ ವಾಸ? ಕೂಡುಕುಟುಂಬವೇ, ಬೇರೆ ಮನೆಯೇ? ಹುಡುಗನಿಗೆ ಕುಡಿತದ ಅಭ್ಯಾಸವಿದೆಯೇ? ಯಾರಿಗಾದರೂ ಹಳೆಯ ಕಾಯಿಲೆ ಇದೆಯೇ? ಈ ಪ್ರಶ್ನೆಗಳನ್ನು ಕೇಳುವುದು ಅಪನಂಬಿಕೆಯಲ್ಲ, ಹಿರಿಯರ ಕರ್ತವ್ಯ. ಹುಡುಗ ಹುಡುಗಿಯರು ಹಿರಿಯರ ತಿಳಿವಳಿಕೆಯಲ್ಲಿ ಪರಸ್ಪರ ಮಾತನಾಡಲು ಅವಕಾಶ ಮಾಡಿಕೊಡಿರಿ.

ನಿಶ್ಚಿತಾರ್ಥವು ಮದುವೆಯಲ್ಲ, ಮದುವೆಯ ಮಾತು ಮಾತ್ರ. ಈ ಅವಧಿಯಲ್ಲಿ ಗಂಭೀರವಾದ ಸಂಗತಿಯೊಂದು ತಿಳಿದುಬಂದರೆ ಅಲ್ಲಿಯೇ ನಿಲ್ಲಿಸುವುದರಲ್ಲಿ ಅವಮಾನವೇನೂ ಇಲ್ಲ. ವೀಳ್ಯವಾಯಿತು, ಊರಿಗೆಲ್ಲ ತಿಳಿಯಿತು ಎಂಬ ಒಂದೇ ಕಾರಣಕ್ಕೆ ಮುಂದುವರಿದರೆ ಅದರ ಕಷ್ಟವನ್ನು ಅನುಭವಿಸುವವರು ಊರಿನವರಲ್ಲ.

ಎರಡನೆಯ ಹೆಜ್ಜೆ: ವಯಸ್ಸಿನ ದಾಖಲೆ

ಹುಡುಗಿಗೆ 18 ವರ್ಷ ಮತ್ತು ಹುಡುಗನಿಗೆ 21 ವರ್ಷ ತುಂಬಿರಬೇಕೆಂಬುದು 1978ರಿಂದಲೂ ಈ ದೇಶದ ಕಾನೂನು. ಈಗ ಜಾರಿಯಲ್ಲಿರುವುದು 2006ರ ಬಾಲ್ಯವಿವಾಹ ನಿಷೇಧ ಅಧಿನಿಯಮ. ಕರ್ನಾಟಕವು ಇದಕ್ಕೆ ತಿದ್ದುಪಡಿ ತಂದು 2017ರಿಂದ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಘೋಷಿಸಿದೆ. ಅಂದರೆ ಅಂತಹ ಮದುವೆ ಕಾನೂನಿನ ದೃಷ್ಟಿಯಲ್ಲಿ ನಡೆದೇ ಇಲ್ಲವೆಂದು ಅರ್ಥ. ಮಾಡಿಸಿದ ತಂದೆತಾಯಿಗಳು, ಮಂತ್ರ ಹೇಳಿದ ಪುರೋಹಿತರು, ತಿಳಿದೂ ಭಾಗವಹಿಸಿದ ಬಂಧುಗಳು ಎಲ್ಲರೂ ಶಿಕ್ಷಾರ್ಹರಾಗುತ್ತಾರೆ. 2 ವರ್ಷಗಳವರೆಗಿನ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ಅವಕಾಶವಿದೆ.

ವಯಸ್ಸನ್ನು ಜಾತಕ ನೋಡಿ ನಿರ್ಧರಿಸಬೇಡಿರಿ. ಜನನ ಪ್ರಮಾಣಪತ್ರವನ್ನೋ ಶಾಲೆಯ ದಾಖಲೆಯನ್ನೋ ಎರಡೂ ಕಡೆಯವರು ಕೈಯಲ್ಲಿ ಹಿಡಿದು ನೋಡಿರಿ. ಬಾಲ್ಯವಿವಾಹ ನಮ್ಮ ಕಾಲದಲ್ಲಿ ಎಲ್ಲಿದೆ ಎನ್ನುವವರಿದ್ದಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಸ್ತ್ರೀಯರಲ್ಲಿ ಐವರಿಗೆ ಒಬ್ಬರಂತೆ 18 ತುಂಬುವ ಮೊದಲೇ ಮದುವೆಯಾಗಿದ್ದರು.

ಕಾನೂನಿಗೆ ಹೆದರಿ ಮಾತ್ರ ಕಾಯಬೇಕೆಂದಲ್ಲ. ಹದಿನಾರು ಹದಿನೇಳರ ಹುಡುಗಿಯ ದೇಹ ಇನ್ನೂ ಬೆಳೆಯುತ್ತಿರುತ್ತದೆ. ಅವಳು ಗರ್ಭಿಣಿಯಾದರೆ ತಾಯಿಗೂ ಮಗುವಿಗೂ ಒಂದೇ ಆಹಾರದಲ್ಲಿ ಪಾಲು ಬೀಳುತ್ತದೆ. ರಕ್ತಹೀನತೆ, ರಕ್ತದ ಒತ್ತಡ, ಹೆರಿಗೆಯ ತಡೆ, ಕಡಿಮೆ ತೂಕದ ಶಿಶು ಇವೆಲ್ಲವೂ ಎಳೆಯ ತಾಯಂದಿರಲ್ಲಿ ಹೆಚ್ಚು. ಈಗಾಗಲೇ ಅಪ್ರಾಪ್ತ ವಯಸ್ಸಿನಲ್ಲಿ ಮಾತು ಆಗಿಹೋಗಿದ್ದರೆ ಮದುವೆಯನ್ನು ನಿಲ್ಲಿಸಿ ಕಾಯಿರಿ. ಆ ಕಾಲವನ್ನು ಹುಡುಗಿಯ ಓದಿಗೆ ಕೊಡಿರಿ. ಮನೆಯವರ ಒತ್ತಾಯ ತಡೆಯಲಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ದೂರವಾಣಿ ಮಾಡಬಹುದು.

ಮೂರನೆಯ ಹೆಜ್ಜೆ: ಕೊಡುವ ತೆಗೆದುಕೊಳ್ಳುವ ಮಾತು

ವರದಕ್ಷಿಣೆ ನಮ್ಮ ಹಿಂದಿನವರ ಪದ್ಧತಿಯೆಂದು ಹೇಳುವವರಿದ್ದಾರೆ. ಮಲೆನಾಡಿನ ಹಲವು ಸಮುದಾಯಗಳಲ್ಲಿ ಹಿಂದೆ ಇದ್ದದ್ದು ತೆರ. ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ಕೊಡುತ್ತಿದ್ದ ಮೊತ್ತ ಅದು. ಆ ಪದ್ಧತಿಯನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಗಂಡಿನವರು ಕೇಳುವುದು ಇಲ್ಲಿಯ ಸನಾತನ ಧರ್ಮವೇನೂ ಅಲ್ಲವೆಂಬುದನ್ನು ನೆನಪಿಸಲು ಹೇಳಿದೆ.

1961ರ ವರದಕ್ಷಿಣೆ ನಿಷೇಧ ಅಧಿನಿಯಮದಂತೆ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. 1980ರ ದಶಕದ ತಿದ್ದುಪಡಿಗಳ ಅನಂತರ ಇದಕ್ಕೆ ಕನಿಷ್ಠ 5 ವರ್ಷಗಳ ಸಜೆ, 15,000 ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ ಇವುಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ಕಡಿಮೆಯಾಗದ ದಂಡ ನಿಗದಿಯಾಗಿದೆ. ಬೈಕು, ಕಾರು, ಸೈಟು, ಹುಡುಗನ ಅಂಗಡಿಗೆ ಬಂಡವಾಳ, ಹೀಗೆ ಯಾವ ಹೆಸರಿನಲ್ಲಿ ಕೇಳಿದರೂ ಅದು ವರದಕ್ಷಿಣೆಯೇ.

ಪ್ರೀತಿಯಿಂದ, ಯಾರೂ ಕೇಳದೆ ಕೊಡುವ ಉಡುಗೊರೆಗೆ ಕಾನೂನಿನ ಅಡ್ಡಿಯಿಲ್ಲ. ಆದರೆ 1985ರ ನಿಯಮಗಳಂತೆ ಅದರ ಪಟ್ಟಿಯನ್ನು ಬರೆದಿಡಬೇಕು. ವಧುವಿಗೆ ಬಂದುದರ ಪಟ್ಟಿ ವಧುವಿನ ಬಳಿ, ವರನಿಗೆ ಬಂದುದರ ಪಟ್ಟಿ ವರನ ಬಳಿ ಇರಬೇಕು. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು ಎಂಬುದನ್ನು ಬರೆದು ವಧೂವರರಿಬ್ಬರೂ ಸಹಿ ಹಾಕಬೇಕು. ಒಂದು ಹಾಳೆಯ ಕೆಲಸ ಇದು. ಮುಂದೆ ಮನಸ್ತಾಪ ಬಂದ ಎಷ್ಟೋ ಮನೆಗಳಲ್ಲಿ ಈ ಹಾಳೆ ಇಲ್ಲದೆ ಹೆಣ್ಣುಮಕ್ಕಳು ತಮ್ಮದನ್ನು ತಮ್ಮದೆಂದು ಹೇಳಲಾರದೆ ಹೋಗಿದ್ದಾರೆ.

ನಾಲ್ಕನೆಯ ಹೆಜ್ಜೆ: ಖರ್ಚಿನ ಮಿತಿ

ಮಂಟಪ ನೋಡುವ ಮೊದಲು ಮೊತ್ತ ನಿಶ್ಚಯಿಸಿರಿ. ಕೈಯಲ್ಲಿರುವ ಹಣ ಎಷ್ಟು, ಈ ಹಂಗಾಮಿನ ಅಡಿಕೆಯಿಂದ ಬರುವುದು ಎಷ್ಟು, ತೋಟದ ಗೊಬ್ಬರಕ್ಕೂ ಕೊಳೆ ಔಷಧಿಗೂ ಮೀಸಲಿಡಬೇಕಾದುದು ಎಷ್ಟು, ಕಿರಿಯ ಮಕ್ಕಳ ಶುಲ್ಕ ಎಷ್ಟು ಎಂಬುದನ್ನು ಕಾಗದದ ಮೇಲೆ ಬರೆಯಿರಿ. ಉಳಿದುದೇ ಮದುವೆಯ ಹಣ. ಕೊಳೆರೋಗ, ಎಲೆಚುಕ್ಕೆ ರೋಗಗಳಿಂದ ಒಂದೇ ಮಳೆಗಾಲದಲ್ಲಿ ಫಸಲು ಕೈಬಿಡುವುದನ್ನು ನೀವು ಕಂಡಿದ್ದೀರಿ. ಮುಂದಿನ ವರ್ಷದ ಕೊನೆಯನ್ನು ನಂಬಿ ಈ ವರ್ಷ ಸಾಲ ಮಾಡುವುದು ಮೋಡ ನೋಡಿ ಗದ್ದೆ ಮಾರಿದಂತೆ.

ಒಂದು ಲೆಕ್ಕ ನೋಡೋಣ. ಕೈಸಾಲವನ್ನು ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ ತಂದಿರೆಂದು ಇಟ್ಟುಕೊಳ್ಳಿ. 3 ಲಕ್ಷ ರೂಪಾಯಿಗೆ ತಿಂಗಳ ಬಡ್ಡಿಯೇ 6,000 ರೂಪಾಯಿ, ವರ್ಷಕ್ಕೆ 72,000 ರೂಪಾಯಿ. ನಾಲ್ಕು ವರ್ಷ ಬಡ್ಡಿ ಕಟ್ಟಿದರೆ 2,88,000 ರೂಪಾಯಿ ಹೋಗುತ್ತದೆ, ಅಸಲು ಹಾಗೆಯೇ ನಿಂತಿರುತ್ತದೆ. ಆ ನಾಲ್ಕು ವರ್ಷಗಳಲ್ಲಿ ಮೊಮ್ಮಗು ಹುಟ್ಟಿರುತ್ತದೆ. ಆ ಮಗುವಿನ ಹಾಲಿಗೆ, ಔಷಧಿಗೆ ಆಗಬೇಕಾದ ಹಣವೇ ಬಡ್ಡಿಯಾಗಿ ಹೋಗಿರುತ್ತದೆ. ಸಹಕಾರಿ ಸಂಘದ ಬೆಳೆಸಾಲವನ್ನು ಮದುವೆಗೆ ಬಳಸುವುದೂ ಸರಿಯಲ್ಲ. ಆ ಹಣ ತೋಟಕ್ಕೆ ಬೀಳದಿದ್ದರೆ ಅದನ್ನು ತೀರಿಸುವ ಬೆಳೆಯೂ ಬರುವುದಿಲ್ಲ.

ಖರ್ಚಿನ ಬೇರು ಜನಸಂಖ್ಯೆಯಲ್ಲಿದೆ. ಒಂದು ಊಟಕ್ಕೆ 250 ರೂಪಾಯಿ ಎಂದಿಟ್ಟುಕೊಂಡರೆ 600 ಜನರ ಊಟಕ್ಕೆ 1,50,000 ರೂಪಾಯಿ, 200 ಜನರ ಊಟಕ್ಕೆ 50,000 ರೂಪಾಯಿ. ಮಂಟಪ, ಕುರ್ಚಿ, ಬಸ್ಸು ಎಲ್ಲವೂ ಇದನ್ನು ಅನುಸರಿಸುತ್ತವೆ. ಆದುದರಿಂದ ಕರೆಯಬೇಕಾದವರ ಪಟ್ಟಿಯನ್ನು ಎರಡೂ ಮನೆಯವರು ಕುಳಿತು ಮೊದಲೇ ಮಾಡಿರಿ. ಅನಂತರವೇ ಲಗ್ನಪತ್ರಿಕೆ ಅಚ್ಚಿಗೆ ಹೋಗಲಿ.

ಸರಳವಾಗಿ ಮಾಡಿದರೆ ಜನ ಏನೆನ್ನುತ್ತಾರೋ ಎಂಬ ಭಯ ಎಲ್ಲರಿಗೂ ಇದೆ. ಇದಕ್ಕೆ ಉತ್ತರವನ್ನು ಬಹುದೂರ ಹುಡುಕಬೇಕಾಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯಲ್ಲಿ ಬೆಳೆದ ರಾಷ್ಟ್ರಕವಿ ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ವಿವಾಹ ವಿಧಾನವನ್ನು ರೂಪಿಸಿಕೊಟ್ಟರು. 1966ರಲ್ಲಿ ತಮ್ಮ ಹಿರಿಯ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅದೇ ಬಗೆಯಲ್ಲಿ ನಡೆಸಿದರು. ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಗಂಡುಹೆಣ್ಣು ತಮಗೆ ಅರ್ಥವಾಗುವ ಮಾತಿನಲ್ಲಿ ಪರಸ್ಪರ ಪ್ರತಿಜ್ಞೆ ಸ್ವೀಕರಿಸುತ್ತಾರೆ. ನಾಡಿನ ಹಿರಿಯ ಕವಿಯ ಮನೆಯ ಮದುವೆಯೇ ಹೀಗೆ ನಡೆದಿರುವಾಗ ಸರಳತೆಯಿಂದ ನಮ್ಮ ಮನೆತನದ ಗೌರವ ಕಡಿಮೆಯಾಗುವುದೆಂದು ಹೇಗೆ ಹೇಳುವುದು? ಕುಪ್ಪಳಿಯಲ್ಲಿ ಇಂದಿಗೂ ಈ ವಿಧಾನದ ಮದುವೆಗಳು ನಡೆಯುತ್ತವೆ. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹವೂ ಇನ್ನೊಂದು ದಾರಿ.

ನಿಮ್ಮ ಕುಲದ ಶಾಸ್ತ್ರಗಳನ್ನು ಬಿಡಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ನಮ್ಮ ಮದುವೆಗಳ ನಿಜವಾದ ಸೊಬಗು ಹೆಚ್ಚು ಹಣ ಬೇಡುವುದಿಲ್ಲ. ದೀವರ ಮನೆಯ ಗೋಡೆಯ ಮೇಲೆ ಅಕ್ಕಿಹಿಟ್ಟು, ಕೆಮ್ಮಣ್ಣುಗಳಿಂದ ಹೆಂಗಸರು ಬರೆಯುವ ಹಸೆ ಚಿತ್ತಾರ, ಸಾಗರ ಸೊರಬಗಳ ಗುಡಿಗಾರರು ಬೆಂಡಿನಿಂದ ಮಾಡುವ ಬಾಸಿಂಗ, ನೆರೆಯವರು ಕೂಡಿ ಕಟ್ಟುವ ಚಪ್ಪರ ಇವು ಮದುವೆಗೆ ಕಳೆ ಕೊಡುತ್ತವೆ. ಸಾಲ ತರಿಸುವುದು ಇವಲ್ಲ.

ಐದನೆಯ ಹೆಜ್ಜೆ: ದಿನದ ಆಯ್ಕೆ

ಮುಹೂರ್ತ ನೋಡಿಸುವಾಗ ಪಂಚಾಂಗದೊಡನೆ ಬೇರೆ ಕೆಲವನ್ನೂ ನೋಡಿರಿ. ಹುಡುಗಿಯ ಪರೀಕ್ಷೆ ಯಾವಾಗ? ಅಡಿಕೆ ಕೊಯ್ಲು ಮುಗಿದು ಹಣ ಕೈಗೆ ಬರುವುದು ಯಾವಾಗ? ರಕ್ತಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ತುಂಬಿಕೊಳ್ಳಲು ಕನಿಷ್ಠ ಮೂರು ತಿಂಗಳು ಸಿಗುತ್ತದೆಯೇ?

ಮಳೆಯನ್ನೂ ಮರೆಯಬಾರದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಹೊಸನಗರದ ಘಟ್ಟದಂಚಿನ ಊರುಗಳೂ ಮಳೆಯಲ್ಲಿ ಹಿಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಯ ಇಟ್ಟುಕೊಂಡರೆ ವೃದ್ಧರು, ಬಸುರಿಯರು, ಎಳೆಯ ಮಕ್ಕಳು ಪ್ರಯಾಣದಲ್ಲಿ ಬಳಲುತ್ತಾರೆ.

ಇನ್ನು ಬೇಸಿಗೆಯ ಮದುವೆಗೆ ನಮ್ಮ ಭಾಗದಲ್ಲಿ ವಿಶೇಷವಾದ ಎಚ್ಚರವೊಂದು ಬೇಕು. ಅದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ನಮ್ಮ ಮೂರು ತಾಲ್ಲೂಕುಗಳಲ್ಲಿಯೂ ಕಾಣಿಸಿಕೊಂಡಿದೆ. 2018-19ರ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಿನಲ್ಲಿ ಅದು ತಂದ ದುಃಖವನ್ನು ಯಾರೂ ಮರೆತಿಲ್ಲ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದು ಹೆಚ್ಚು. ನಮ್ಮ ಮದುವೆಗಳ ಕಾಲವೂ ಅದೇ. ಚಪ್ಪರದ ಕಂಬಕ್ಕೆ, ತಳಿರಿಗೆ, ಸೌದೆಗೆಂದು ಹತ್ತಾರು ಜನ ಕಾಡಿಗೆ ಹೋಗುವುದೂ ಆಗಲೇ. ರೋಗವನ್ನು ಹರಡುವುದು ಉಣುಗು.

ಆದುದರಿಂದ ಸೌದೆಯನ್ನು ಹಂಗಾಮು ಮೊದಲಾಗುವ ಮುನ್ನವೇ ಕೂಡಿಸಿಡಿರಿ. ಚಪ್ಪರಕ್ಕೆ ತೋಟದ ಅಡಿಕೆ ದಬ್ಬೆ, ತೆಂಗಿನ ಗರಿ, ಮನೆಯ ಹಿತ್ತಿಲ ಮಾವಿನ ಎಲೆ ಸಾಕು. ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆಯಿಂದ ದೊರೆಯುವ ಡೆಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಂಡು ಹೋಗಿರಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ ಸ್ನಾನ ಮಾಡಿರಿ. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ತಿಳಿಸಿರಿ. ಕಾಡಿಗೆ ಹೋಗಿಬಂದವರಿಗೆ ಏಕಾಏಕಿ ಜ್ವರ, ತೀವ್ರ ತಲೆನೋವು, ಮೈಕೈನೋವು ಬಂದರೆ ಮದುವೆಯ ಗಡಿಬಿಡಿಯಲ್ಲಿ ಗುಳಿಗೆ ನುಂಗಿ ಸುಮ್ಮನಿರಬಾರದು. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಆರನೆಯ ಹೆಜ್ಜೆ: ವಧೂವರರ ಆರೋಗ್ಯ

ಇದು ಈ ಉಪನ್ಯಾಸದ ಹೃದಯಭಾಗ. ಮದುವೆಗೆ ಮೂರು ತಿಂಗಳಿರುವಾಗ ಹುಡುಗ ಹುಡುಗಿಯರಿಬ್ಬರೂ ಒಮ್ಮೆ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಿಬರಲಿ. ಹೆಣ್ಣನ್ನು ಮಾತ್ರ ಪರೀಕ್ಷೆಗೆ ಕಳುಹಿಸುವುದು ನ್ಯಾಯವಲ್ಲ.

ಮೊದಲಿಗೆ ರಕ್ತದ ಹಿಮೋಗ್ಲೋಬಿನ್. ಗರ್ಭಿಣಿಯಲ್ಲದ ಸ್ತ್ರೀಗೆ ಇದು 12 ಗ್ರಾಂಗೆ ಕಡಿಮೆಯಿರಬಾರದು, ಪುರುಷನಿಗೆ 13 ಗ್ರಾಂಗೆ ಕಡಿಮೆಯಿರಬಾರದು. ಹಿಂದೆ ಹೇಳಿದ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಬಿಳಚಿದ ಕಣ್ಣುರೆಪ್ಪೆ ಇದರ ಚಿಹ್ನೆಗಳು. ಬಹಳ ಮಂದಿಗೆ ಚಿಹ್ನೆಯೇ ತಿಳಿಯುವುದಿಲ್ಲ. ಕಬ್ಬಿಣಾಂಶದ ಗುಳಿಗೆ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತದೆ. ಅದನ್ನು ಕಾಫಿ ಚಹಾಗಳೊಡನೆ ನುಂಗದೆ ನಿಂಬೆಹಣ್ಣಿನ ಪಾನಕದೊಡನೆಯೋ ನೀರಿನೊಡನೆಯೋ ತೆಗೆದುಕೊಳ್ಳಬೇಕು. ಬರಿಗಾಲಿನಲ್ಲಿ ತೋಟ ಗದ್ದೆಗಳಲ್ಲಿ ದುಡಿಯುವವರು ಜಂತುಹುಳುವಿನ ಔಷಧಿಯನ್ನೂ ವೈದ್ಯರಲ್ಲಿ ಕೇಳಲಿ. ಹುಳು ಉಳಿದರೆ ಗುಳಿಗೆಯ ಗುಣ ನಿಲ್ಲುವುದಿಲ್ಲ. ಬಸಳೆ, ನುಗ್ಗೆಸೊಪ್ಪು, ರಾಗಿ, ಹುರುಳಿ, ಬೆಲ್ಲ, ತಿನ್ನುವವರಿಗೆ ಮೀನು ಮೊಟ್ಟೆ ಇವು ಮನೆಯಲ್ಲಿಯೇ ದೊರೆಯುವ ಆಹಾರ. ಮದುಮಗಳು ತೆಳ್ಳಗಿರಬೇಕೆಂದು ಊಟ ಬಿಡಿಸುವ ಹೊಸ ಅಭ್ಯಾಸ ಬಹಳ ಕೆಟ್ಟದು.

ಎರಡನೆಯದು ಫೋಲಿಕ್ ಆಮ್ಲ. ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿಯೇ ಮಗುವಿನ ಮಿದುಳು ಬೆನ್ನುಹುರಿಗಳ ನಾಳ ಮುಚ್ಚಿಕೊಳ್ಳುತ್ತದೆ. ಆಗ ಗರ್ಭವಾಗಿದೆಯೆಂದು ಎಷ್ಟೋ ತಾಯಂದಿರಿಗೆ ತಿಳಿದೇ ಇರುವುದಿಲ್ಲ. ಆದುದರಿಂದ ಮಗುವನ್ನು ಬಯಸುವವರು ಕನಿಷ್ಠ ಒಂದು ತಿಂಗಳು ಮೊದಲೇ ಈ ಗುಳಿಗೆಯನ್ನು ಆರಂಭಿಸಬೇಕು.

ಮೂರನೆಯದು ರಕ್ತದ ಗುಂಪು, ಸಕ್ಕರೆ, ರಕ್ತದೊತ್ತಡ, ಹಳೆಯ ಕಾಯಿಲೆಗಳ ವಿಚಾರ. ಎಚ್.ಐ.ವಿ. ಪರೀಕ್ಷೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ. ಇದನ್ನು ಇಬ್ಬರೂ ಒಪ್ಪಿ ಮಾಡಿಸಿಕೊಳ್ಳುವುದು ಒಳ್ಳೆಯದು. ಹುಡುಗಿಗೆ ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ವೈದ್ಯರ ಸಲಹೆಯಂತೆ ಮದುವೆಗೆ ಮೊದಲೇ ಹಾಕಿಸಿರಿ. ಹಾಕಿಸಿದ ಒಂದು ತಿಂಗಳೊಳಗೆ ಗರ್ಭ ನಿಲ್ಲಬಾರದು.

ನಾಲ್ಕನೆಯದು ರಕ್ತಸಂಬಂಧದ ಮದುವೆ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಕೊಡುವ ವಾಡಿಕೆ ನಮ್ಮಲ್ಲಿ ಹಳೆಯದು. ಆಸ್ತಿ ಉಳಿಯುತ್ತದೆ, ಗೊತ್ತಿರುವ ಮನೆ ಎಂಬುದು ಕಾರಣ. ಸಂಬಂಧವಿಲ್ಲದ ದಂಪತಿಗಳ 100 ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟುನ್ಯೂನತೆ ಇರಬಹುದಾದರೆ, ಅತ್ತೆಯ ಮಗ ಮಾವನ ಮಗಳಂತಹ ದಂಪತಿಗಳಲ್ಲಿ ಅದು ಸುಮಾರು ದುಪ್ಪಟ್ಟು. ಸೋದರಮಾವನ ಮದುವೆಯಲ್ಲಿ ರಕ್ತದ ನಂಟು ಇನ್ನೂ ಹತ್ತಿರದ್ದು. ಎಲ್ಲ ಮಕ್ಕಳಿಗೂ ತೊಂದರೆಯಾಗುತ್ತದೆಂದು ಇದರ ಅರ್ಥವಲ್ಲ. ಆದರೆ ಮನೆತನದಲ್ಲಿ ಕಿವುಡು, ಬುದ್ಧಿಮಾಂದ್ಯ, ಎಳೆಯ ಮಕ್ಕಳ ಸಾವು ಮರುಕಳಿಸಿದ್ದರೆ ವೈದ್ಯರನ್ನು ಕೇಳದೆ ಮುಂದುವರಿಯಬೇಡಿರಿ.

ವಂಶದಲ್ಲಿ ಬರುವ ಕಾಯಿಲೆಯೆಂಬುದು ನಮಗೆ ಕೇಳಿದ ಮಾತು ಮಾತ್ರವಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಮೊದಲು ಗುರುತಿಸಲಾದ, ಸೊಂಟ ಮಂಡಿಗಳ ಕೀಲುಗಳನ್ನು ಸವೆಸುವ ರೋಗ ಆನುವಂಶಿಕವೆಂದು ಸಂಶೋಧನೆಗಳಿಂದ ತಿಳಿದುಬಂದಿದೆ. ಅದು ಸೋಂಕಲ್ಲ, ಮುಟ್ಟಿದರೆ ಅಂಟುವುದಿಲ್ಲ, ಶಾಪವೂ ಅಲ್ಲ. ಅಂತಹ ಮನೆತನಗಳನ್ನು ದೂರವಿಡುವುದು ಅಮಾನವೀಯ. ಇದ್ದುದನ್ನು ಇದ್ದಂತೆ ಹೇಳಿ, ವೈದ್ಯರ ಸಲಹೆ ಪಡೆದು, ಮಕ್ಕಳ ವಿಷಯವನ್ನು ತಿಳಿದು ನಿರ್ಧರಿಸುವುದೇ ಸರಿಯಾದ ದಾರಿ. ಮುಚ್ಚಿಟ್ಟ ಕಾಯಿಲೆ ಮದುವೆಯಾದ ಮೇಲೆ ಎರಡು ಮನೆಗಳ ನೆಮ್ಮದಿಯನ್ನು ಕೆಡಿಸುತ್ತದೆ.

ಏಳನೆಯ ಹೆಜ್ಜೆ: ಮೊದಲ ಮಗು ಯಾವಾಗ ಎಂಬ ಮಾತು

ಮದುವೆಯಾಗಿ ವರ್ಷ ತುಂಬುವ ಮೊದಲೇ ‘ವಿಶೇಷವೇನಾದರೂ ಇದೆಯೇ’ ಎಂದು ಕೇಳುವವರು ಮನೆತುಂಬ ಇರುತ್ತಾರೆ. ಆ ಪ್ರಶ್ನೆಯನ್ನು ಕೇಳದಿರುವುದು ನೀವು ಮಕ್ಕಳಿಗೆ ಕೊಡಬಹುದಾದ ದೊಡ್ಡ ಉಡುಗೊರೆ. ಹೊಸ ಮನೆ, ಹೊಸ ಜನ, ಹೊಸ ಸಂಗಾತಿಗೆ ಹೊಂದಿಕೊಳ್ಳಲು ಸ್ವಲ್ಪ ಕಾಲ ಬೇಕು. ಹುಡುಗಿಗೆ 20 ವರ್ಷ ತುಂಬುವ ಮೊದಲು ಮೊದಲ ಹೆರಿಗೆ ಆಗಬಾರದು. ಒಂದು ಮಗುವಿಗೂ ಇನ್ನೊಂದಕ್ಕೂ ಮೂರು ವರ್ಷಗಳ ಅಂತರವಿದ್ದರೆ ತಾಯಿಯ ದೇಹ ಚೇತರಿಸಿಕೊಳ್ಳುತ್ತದೆ.

ಈ ಮಾತನ್ನು ಮದುವೆಗೆ ಮೊದಲೇ ಯಾರು ಹೇಳಬೇಕು? ತಾಯಿಗೆ ಸಂಕೋಚವಾದರೆ ಅತ್ತಿಗೆ ಹೇಳಲಿ, ಅಕ್ಕ ಹೇಳಲಿ, ಇಲ್ಲವೇ ಊರಿನ ಆಶಾ ಕಾರ್ಯಕರ್ತೆಯ ಬಳಿ ಕಳುಹಿಸಿರಿ. ಹುಡುಗನಿಗೂ ಯಾರಾದರೂ ತಿಳಿದವರು ಹೇಳಲೇಬೇಕು. ನಿರೋಧ್, ಮಾಲಾ-ಎನ್ ಗುಳಿಗೆ, ಹಾರ್ಮೋನಿಲ್ಲದ ಛಾಯಾ ಗುಳಿಗೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಕಾಪರ್-ಟಿ ಇವು ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಛಾಯಾ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಅನಂತರ ವಾರಕ್ಕೊಮ್ಮೆ ನುಂಗಬೇಕು. ಅಂತರಾ ನಿಲ್ಲಿಸಿದ ಮೇಲೆ ಮತ್ತೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುವುದುಂಟು. ಯಾವುದು ಯಾರಿಗೆ ಹೊಂದುತ್ತದೆಂಬುದನ್ನು ಆರೋಗ್ಯ ಸಹಾಯಕಿಯೋ ವೈದ್ಯರೋ ನೋಡಿ ಹೇಳುತ್ತಾರೆ. ಇವುಗಳಿಂದ ಬಂಜೆತನ ಬರುತ್ತದೆಂಬ ಮಾತು ಸುಳ್ಳು. ಇವುಗಳಲ್ಲಿ ನಿರೋಧ್ ಮಾತ್ರ ಲೈಂಗಿಕ ಸೋಂಕಿನಿಂದಲೂ ಕಾಪಾಡುತ್ತದೆ.

ಎಂಟನೆಯ ಹೆಜ್ಜೆ: ನೀರು, ಊಟ ಮತ್ತು ನೋಂದಣಿ

ಮಂಟಪ ನೋಡುವ ಕಾಲ ಈಗ ಬಂದಿತು. ಅಲಂಕಾರಕ್ಕಿಂತ ಮೊದಲು ಅಲ್ಲಿಯ ನೀರು ಎಲ್ಲಿಂದ ಬರುತ್ತದೆಂದು ಕೇಳಿರಿ. ಶೌಚಾಲಯ ಎಷ್ಟಿವೆ, ಕೈತೊಳೆಯಲು ಸಾಬೂನು ನೀರುಗಳಿವೆಯೇ ಎಂದು ನೋಡಿರಿ. ಮನೆಯ ಮುಂದೆ ಚಪ್ಪರ ಹಾಕಿ ಮಾಡುವುದಾದರೆ ಬಾವಿಯ ಜವಾಬ್ದಾರಿ ನಿಮ್ಮದು. ಕಾಮಾಲೆ, ವಿಷಮಶೀತಜ್ವರ, ವಾಂತಿಭೇದಿಗಳು ಒಂದು ಪಂಕ್ತಿಯಿಂದ ಹತ್ತು ಊರಿಗೆ ಹೋಗಬಲ್ಲವು. ತೊಟ್ಟಿಯಲ್ಲಿ ತುಂಬಿದ 1,000 ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಕಲಸಿ ಹಾಕಿ ಒಂದು ಗಂಟೆ ಬಿಡಬೇಕು. ಅಳತೆ ತಿಳಿಯದಿದ್ದರೆ ಆರೋಗ್ಯ ಸಹಾಯಕರನ್ನು ಕೇಳಿರಿ. ಕುಡಿಯಲು ಕುದಿಸಿ ಆರಿಸಿದ ನೀರು ಇನ್ನೂ ಉತ್ತಮ. ಪಾನಕ ಮಜ್ಜಿಗೆಗಳಿಗೂ ಇದೇ ನೀರು ಬಳಸಿರಿ.

ಮದುವೆಯಾದ ಕೂಡಲೇ ಅದನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿರಿ. ಕರ್ನಾಟಕದಲ್ಲಿ ಇದಕ್ಕಾಗಿ 1976ರಲ್ಲಿಯೇ ಕಾನೂನು ಆಗಿದೆ. ವಯಸ್ಸಿನ ದಾಖಲೆ, ವಾಸದ ದಾಖಲೆ, ಭಾವಚಿತ್ರ, ಲಗ್ನಪತ್ರಿಕೆ ಇವುಗಳನ್ನು ಒಂದು ಚೀಲದಲ್ಲಿ ಈಗಲೇ ಕೂಡಿಸಿಡಿರಿ. ಸಾಕ್ಷಿಗಳಾಗಿ ಬರುವವರು ಯಾರೆಂದು ಗೊತ್ತುಮಾಡಿಕೊಳ್ಳಿರಿ. 1954ರ ವಿಶೇಷ ವಿವಾಹ ಅಧಿನಿಯಮದಂತೆ ಮದುವೆಯಾಗುವವರು 30 ದಿನಗಳ ಮುಂಚಿತ ಸೂಚನೆ ಕೊಡಬೇಕಾಗುತ್ತದೆ. ಆಸ್ತಿ, ಪಿಂಚಣಿ, ವಿಮೆ, ಮುಂದೆ ಬರಬಹುದಾದ ಯಾವುದೇ ಕಷ್ಟದಲ್ಲಿ ಹೆಣ್ಣುಮಗಳ ಕೈಯಲ್ಲಿ ಉಳಿಯುವ ಆಧಾರ ಈ ನೋಂದಣಿಯ ಪತ್ರ.

ದಂಪತಿಗಳೇ, ಕ್ರಮವನ್ನು ಇನ್ನೊಮ್ಮೆ ನೆನಪಿಗೆ ತಂದುಕೊಳ್ಳೋಣ. ಮೊದಲು ಗಂಡಹೆಂಡಿರ ಮಾತು, ಮಕ್ಕಳ ಒಪ್ಪಿಗೆ. ಅನಂತರ ವಯಸ್ಸಿನ ದಾಖಲೆ. ಅನಂತರ ವರದಕ್ಷಿಣೆಯಿಲ್ಲವೆಂಬ ನಿರ್ಧಾರ, ಖರ್ಚಿನ ಮಿತಿ, ಕರೆಯುವವರ ಪಟ್ಟಿ. ಅನಂತರ ದಿನ. ದಿನ ಗೊತ್ತಾದ ಕೂಡಲೇ ಇಬ್ಬರ ರಕ್ತಪರೀಕ್ಷೆ, ಔಷಧೋಪಚಾರ, ಅಂತರದ ತಿಳಿವಳಿಕೆ. ಕೊನೆಗೆ ಮಂಟಪ, ಅಡುಗೆ, ಜವಳಿ, ಪತ್ರಿಕೆ. ಕಾರ್ಯ ಮುಗಿದ ಕೂಡಲೇ ನೋಂದಣಿ.

ಮದುವೆಯ ಊಟವನ್ನು ಬಂಧುಗಳು ಒಂದು ತಿಂಗಳು ಹೊಗಳುತ್ತಾರೆ. ಸಾಲವಿಲ್ಲದ ಮನೆಯಲ್ಲಿ, ರಕ್ತ ತುಂಬಿದ ಮೈಯಲ್ಲಿ, ತಾನು ಒಪ್ಪಿದ ಗಂಡನೊಡನೆ ಬಾಳುವ ಮಗಳು ನಿಮ್ಮನ್ನು ಜೀವಮಾನವಿಡೀ ನೆನೆಯುತ್ತಾಳೆ. ನಿಮ್ಮ ಊರಿನಲ್ಲಿ ಈ ವರ್ಷ ವೀಳ್ಯವಾದ ಮನೆಯೊಂದಿದ್ದರೆ ಅವರಿಗೂ ಈ ಮಾತನ್ನು ಮುಟ್ಟಿಸಿರಿ.